ಓದುಗರ ಪ್ರಶ್ನೆ, ತಜ್ಞರ ಉತ್ತರ: ಸಾಲ್ವೆಂಟ್ ಪ್ಲಾಂಟಿನ ಹೆಕ್ಸೇನ್

ಪ್ರಶ್ನೆ: ರಾಯಚೂರು ಸಮೀಪದ ತೌಡೆಣ್ಣೆಯ ಸಾಲ್ವೆಂಟ್ ಪ್ಲಾಂಟೊಂದರಲ್ಲಿ, ತೌಡಿನಿಂದ ಎಣ್ಣೆ ಕರಗಿಸಿ ತೆಗೆಯಲು ಬಳಸುವ ಹೆಕ್ಸೇನ್ ಎಂಬ ದ್ರಾವಕದ (ಸಾಲ್ವೆಂಟ್) ಟ್ಯಾಂಕರ್ ಖಾಲಿ ಮಾಡಿಸುವ ಕೆಲಸಕ್ಕೆ ಸೇರಿದ್ದೇನೆ. ಬೀಡಿ, ಬೆಂಕಿಪೊಟ್ಟಣ ಗೇಟಿನಲ್ಲೇ ಬಿಡಬೇಕೆಂಬುದು ತಿಳಿಯುತ್ತದೆ. ಆದರೆ ಟೆರಿಕಾಟ್ ಅಂಗಿ ಬೇಡ, ಪ್ಲಾಸ್ಟಿಕ್ ಬಕೆಟ್ ಬೇಡ, ಮೊಬೈಲ್ ಬೇಡ, ಅರ್ಥಿಂಗ್ ಕ್ಲಿಪ್ ಹಾಕದೆ ಪೈಪ್ ಮುಟ್ಟಬೇಡ ಎಂದು ಸೂಪರ್‌ವೈಸರ್ ಸಾಹೇಬರು ದಿನವೂ ಗದರುತ್ತಾರೆ. ಬೆಂಕಿಯೇ ಇಲ್ಲದ ಜಾಗದಲ್ಲಿ ಇಷ್ಟೆಲ್ಲ ಏಕೆ?
— ಓದುಗರೊಬ್ಬರು, ರಾಯಚೂರು

ಉತ್ತರ: ನಿಮ್ಮ ಸಾಹೇಬರು ಗದರುವುದರಲ್ಲಿ ತಪ್ಪಿಲ್ಲ, ಕಾರಣ ಹೇಳದೆ ಗದರುತ್ತಿದ್ದಾರೆ ಎಂಬುದಷ್ಟೇ ಕೊರತೆ. ಹೊತ್ತಿಕೊಳ್ಳುವುದು ಹೆಕ್ಸೇನ್ ದ್ರವವಲ್ಲ, ಅದರಿಂದ ಏಳುವ ಆವಿ. ಅದು ಕುದಿಯುವುದು 69 ಡಿಗ್ರಿ ಸೆಲ್ಸಿಯಸ್ಸಿನಲ್ಲಾದರೂ, ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಸೊನ್ನೆಗಿಂತ ಸುಮಾರು 22 ಡಿಗ್ರಿ ಕೆಳಗಿರುವಾಗಲೇ ಬಿಡತೊಡಗುತ್ತದೆ. ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುವ ನಿಮ್ಮ ಊರಿನಲ್ಲಿ, ಮುಚ್ಚಳ ತೆಗೆದ ಕ್ಷಣದಿಂದ ಆವಿ ಹೊರಬೀಳುತ್ತಲೇ ಇರುತ್ತದೆ ಎಂದು ತಿಳಿಯಿರಿ. ಗಾಳಿಯಲ್ಲಿ ಆ ಆವಿ ನೂರಕ್ಕೆ 1.1 ಭಾಗದಿಂದ 7.5 ಭಾಗದವರೆಗೆ ಬೆರೆತಿದ್ದರೆ ಅದು ಸ್ಫೋಟಕ ಮಿಶ್ರಣ. ಲೆಕ್ಕ ಹಾಕಿದರೆ, ನೆಲಕ್ಕೆ ಚೆಲ್ಲಿದ ಒಂದೇ ಒಂದು ಲೀಟರ್ ಹೆಕ್ಸೇನ್ ಪೂರ್ತಿ ಆವಿಯಾದಾಗ, ಹತ್ತು ಅಡಿ ಉದ್ದ, ಆರು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯ ಗಾಳಿಯನ್ನೆಲ್ಲ ಸ್ಫೋಟಿಸುವಂತೆ ಮಾಡಬಲ್ಲದು. ಈ ಆವಿ ಗಾಳಿಗಿಂತ ಮೂರು ಪಟ್ಟು ಭಾರವಾದ್ದರಿಂದ ಮೇಲೇರಿ ಚದುರುವುದಿಲ್ಲ. ಮಳೆನೀರಿನಂತೆ ತಗ್ಗು ಹುಡುಕಿಕೊಂಡು ಚರಂಡಿ, ಕೇಬಲ್ ಟ್ರೆಂಚ್, ಪಂಪಿನ ಗುಂಡಿಗಳಲ್ಲಿ ಇಳಿದು ಕೂರುತ್ತದೆ. ಆದ್ದರಿಂದ ಬೆಂಕಿ ನೀವು ನಿಂತ ಜಾಗದಲ್ಲಿ ಇರಬೇಕೆಂದಿಲ್ಲ. ದೂರದ ಸ್ವಿಚ್ಚೊಂದರಲ್ಲಿ ಹೊತ್ತಿ, ಆವಿಯ ಜಾಡು ಹಿಡಿದು ಟ್ಯಾಂಕರಿನ ತನಕ ಬರಬಹುದು.

ಇನ್ನು ಕಿಡಿಯ ವಿಷಯ. ಹೆಕ್ಸೇನ್ ಆವಿ ಹೊತ್ತಿಕೊಳ್ಳಲು ಸುಮಾರು 0.24 ಮಿಲಿಜೌಲ್ ಶಕ್ತಿ ಸಾಕು. ಒಣಹವೆಯ ದಿನಗಳಲ್ಲಿ ಟೆರಿಕಾಟ್ ಅಂಗಿ ಬಿಚ್ಚುವಾಗ ಚಟಪಟ ಎನ್ನುವ ಕಿಡಿಯಲ್ಲಿ ಇದಕ್ಕಿಂತ ಹೆಚ್ಚು ಶಕ್ತಿ ಇರಬಲ್ಲದು. ಹೆಕ್ಸೇನ್ ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡದ ದ್ರವವಾದ್ದರಿಂದ, ಪೈಪಿನಲ್ಲಿ ರಭಸವಾಗಿ ಹರಿಯುವಾಗ ಅದರಲ್ಲೇ ಸ್ಥಿರ ವಿದ್ಯುತ್ ಶೇಖರವಾಗುತ್ತದೆ. ಲೋಹದ ಪಾತ್ರೆಗೆ ಅರ್ಥ್ ಕೊಟ್ಟಿದ್ದರೆ ಅದು ಭೂಮಿಗೆ ಇಳಿದುಹೋಗುತ್ತದೆ. ಪ್ಲಾಸ್ಟಿಕ್ ಬಕೆಟ್ಟಿಗೆ ಎಷ್ಟು ತಂತಿ ಸುತ್ತಿದರೂ ಇಳಿಯುವುದಿಲ್ಲ. ಹತ್ತಿ ಬಟ್ಟೆಯನ್ನೇ ತೊಡಿ ಎನ್ನುವುದೂ ಇದೇ ಕಾರಣಕ್ಕೆ.

ಕ್ಲಿಪ್ ಹಾಕುವುದರಲ್ಲೂ ಒಂದು ಕ್ರಮವಿದೆ. ಟ್ಯಾಂಕರಿನ ಎಂಜಿನ್ ನಿಲ್ಲಿಸಿ, ಚಕ್ರಕ್ಕೆ ಗುಟ್ಟ ಕೊಟ್ಟ ನಂತರ ಮೊದಲು ಕ್ಲಿಪ್, ಆಮೇಲೆ ಹೋಸ್ ಪೈಪ್; ಕೆಲಸ ಮುಗಿದಾಗ ಮೊದಲು ಪೈಪ್ ಬಿಚ್ಚಿ, ಕೊನೆಗೆ ಕ್ಲಿಪ್. ಕ್ಲಿಪ್ಪಿನ ಹಲ್ಲುಗಳು ಬಣ್ಣದ ಮೇಲೆಯೋ ತುಕ್ಕಿನ ಮೇಲೆಯೋ ಕಚ್ಚಿಕೊಂಡಿದ್ದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಕಚ್ಚುವ ಜಾಗ ಹೊಳೆಯುವ ಬರಿ ಲೋಹವಾಗಿರಬೇಕು, ತಂತಿ ಬುಡದಲ್ಲಿ ಎಳೆ ಕಿತ್ತಿರಬಾರದು. ತುಂಬುವ ಪೈಪಿನ ಬಾಯಿ ಟ್ಯಾಂಕಿನ ತಳದವರೆಗೆ ಇಳಿದಿರಬೇಕು; ಮೇಲಿನಿಂದ ಧಾರೆಯಾಗಿ ಸುರಿಯಬಾರದು. ಪೈಪಿನ ಬಾಯಿ ದ್ರವದಲ್ಲಿ ಮುಳುಗುವವರೆಗೆ ಹರಿವು ಸೆಕೆಂಡಿಗೆ ಒಂದು ಮೀಟರ್ ಮೀರದಂತೆ ನೋಡಿಕೊಳ್ಳುವುದು ಎಲ್ಲ ಕಡೆ ಒಪ್ಪಿದ ರೂಢಿ. ತುಂಬಿದ ಕೂಡಲೇ ಅಳತೆಕೋಲು ಇಳಿಸದೆ ಸ್ವಲ್ಪ ಹೊತ್ತು ಕಾಯಬೇಕು. ಮೊಬೈಲಿನಿಂದ ಬೆಂಕಿ ಹೊತ್ತುವ ಸಂಭವ ನಿಜಕ್ಕೂ ಕಡಿಮೆ. ಆದರೂ ಅದು ಇಂಥ ಜಾಗಕ್ಕೆಂದು ಪರೀಕ್ಷೆಯಾಗಿ ಬಂದ ಸಾಧನವಲ್ಲ. ಅಲ್ಲದೆ ವಾಲ್ವ್ ತೆರೆದಿಟ್ಟು ಮಾತಿನಲ್ಲಿ ಮೈಮರೆತವನಿಂದ ಹೆಕ್ಸೇನ್ ಚೆಲ್ಲಿಹೋಗುವುದು ಮೊಬೈಲಿನ ಕಿಡಿಗಿಂತ ದೊಡ್ಡ ಅಪಾಯ.

ಪ್ರಶ್ನೆ: ಶಟ್‌ಡೌನ್ ಸಮಯದಲ್ಲಿ ಸಾಲ್ವೆಂಟ್ ಟ್ಯಾಂಕನ್ನು ಬರಿದು ಮಾಡಿ ಎರಡು ದಿನ ಮ್ಯಾನ್‌ಹೋಲ್ ತೆರೆದಿಟ್ಟಿದ್ದರು. ವಾಸನೆ ಬರುತ್ತಿಲ್ಲ, ವೆಲ್ಡಿಂಗ್ ಶುರು ಮಾಡಿ ಎನ್ನುತ್ತಾರೆ. ಮಾಡಬಹುದೇ?
— ವೆಲ್ಡಿಂಗ್ ಗುತ್ತಿಗೆದಾರರು, ಸಿಂಧನೂರು

ಉತ್ತರ: ಮಾಡಬಾರದು. ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕೇ ಹೆಚ್ಚು ಮೋಸಗಾರ. ತುಂಬಿದ ಟ್ಯಾಂಕಿನ ಮೇಲ್ಭಾಗದಲ್ಲಿ ನಮ್ಮ ಹವೆಯಲ್ಲಿ ಆವಿ ಎಷ್ಟು ದಟ್ಟವಾಗಿರುತ್ತದೆಂದರೆ ಅಲ್ಲಿ ಉರಿಯಲು ಬೇಕಾದ ಗಾಳಿಯೇ ಸಾಲದು. ಬರಿದು ಮಾಡಿ ಬಾಯಿ ತೆರೆದಾಗ ಗಾಳಿ ಒಳಹೊಕ್ಕು, ಆವಿ ತೆಳುವಾಗುತ್ತಾ, ನೂರಕ್ಕೆ 7.5 ಮತ್ತು 1.1ರ ನಡುವಿನ ಹಂತವನ್ನು ಹಾದೇ ಹೋಗಬೇಕಾಗುತ್ತದೆ. ಆ ಹಂತ ಎಷ್ಟು ಹೊತ್ತು ಇರುತ್ತದೆಂದು ಹೊರಗೆ ನಿಂತವರಿಗೆ ತಿಳಿಯದು. ತಳದ ತುಕ್ಕಿನ ಪದರ, ಕೆಸರು, ಗ್ಯಾಸ್ಕೆಟ್ ಸಂದಿಗಳಲ್ಲಿ ಉಳಿದ ಹೆಕ್ಸೇನ್, ವೆಲ್ಡಿಂಗ್ ಶಾಖ ತಗುಲಿದಾಗ ಮತ್ತೆ ಆವಿಯಾಗುತ್ತದೆ. ಮೂಗನ್ನಂತೂ ನಂಬಬೇಡಿ, ಸ್ವಲ್ಪ ಹೊತ್ತಿನಲ್ಲೇ ಅದು ವಾಸನೆಗೆ ಒಗ್ಗಿಹೋಗುತ್ತದೆ.

ಟ್ಯಾಂಕಿಗೆ ಬರುವ ಪ್ರತಿಯೊಂದು ಪೈಪನ್ನೂ ಬಿಚ್ಚಬೇಕು, ಇಲ್ಲವೇ ಅದರ ಬಾಯಿಯನ್ನು ಪೂರ್ತಿ ಮುಚ್ಚುವ ಬ್ಲೈಂಡ್ ಪ್ಲೇಟ್ ಹಾಕಬೇಕು. ವಾಲ್ವ್ ಮುಚ್ಚಿದ್ದೇವೆ ಎಂಬುದು ಸಾಲದು. ಅನಂತರ ಉಗಿ ಹಾಯಿಸಿ ಅಥವಾ ನೀರು ತುಂಬಿ ಹೊರಹಾಕಿ ತೊಳೆದು, ಗಾಳಿಯಾಡಿಸಿ, ಗ್ಯಾಸ್ ಡಿಟೆಕ್ಟರಿನಿಂದ ಮೇಲೆ, ನಡುವೆ, ತಳದಲ್ಲಿ ಅಳೆಯಬೇಕು. ತಳದ ಅಳತೆಯೇ ಮುಖ್ಯ. ಒಳಗಿಳಿಯುವುದಾದರೆ ಆಮ್ಲಜನಕವನ್ನೂ ಅಳೆಯಬೇಕು, ಹೊರಗೊಬ್ಬರು ಹಗ್ಗ ಹಿಡಿದು ನಿಂತಿರಬೇಕು. ಇಷ್ಟನ್ನೂ ಬರೆದು, ಜವಾಬ್ದಾರಿಯುತ ಅಧಿಕಾರಿ ಸಹಿ ಮಾಡಿದ ಹಾಟ್ ವರ್ಕ್ ಪರ್ಮಿಟ್ (ಬೆಂಕಿ, ಕಿಡಿ ಏಳುವ ಕೆಲಸಕ್ಕೆ ಕೊಡುವ ಲಿಖಿತ ಅನುಮತಿ) ಕೈಗೆ ಬರುವವರೆಗೆ ನಿಮ್ಮ ವೆಲ್ಡಿಂಗ್ ಸೆಟ್ಟನ್ನು ಗಾಡಿಯಿಂದ ಇಳಿಸಬೇಡಿ. ಊಟಕ್ಕೆ ಹೋಗಿ ಬಂದಿರಾದರೆ ಮತ್ತೊಮ್ಮೆ ಅಳೆಸಿ. ಅಪಾಯ ಕಣ್ಣೆದುರಿಗಿದ್ದರೆ ಅದನ್ನು ಆಡಳಿತದ ಗಮನಕ್ಕೆ ತರುವ ಹಕ್ಕನ್ನು, ಭೋಪಾಲ್ ದುರಂತದ ನಂತರ 1987ರ ತಿದ್ದುಪಡಿಯ ಮೂಲಕ ಕಾರ್ಖಾನೆ ಕಾಯ್ದೆ ಕಾರ್ಮಿಕರಿಗೆ ಕೊಟ್ಟಿತು. ಹೊಸ ಕಾರ್ಮಿಕ ಸಂಹಿತೆಯಲ್ಲಿಯೂ ಅದು ಉಳಿದಿದೆ.

ಪ್ರಶ್ನೆ: ನಮ್ಮ ಯಜಮಾನರು ಕೆಲವು ವರ್ಷಗಳಿಂದ ಸಾಲ್ವೆಂಟ್ ಪ್ಲಾಂಟಿನಲ್ಲಿದ್ದಾರೆ. ಗ್ರೀಸ್ ಹತ್ತಿದ ಕೈಯನ್ನು ಅಲ್ಲಿನ ಹೆಕ್ಸೇನಿನಲ್ಲೇ ತೊಳೆಯುತ್ತಾರಂತೆ. ಈಗ ಕಾಲ್ಬೆರಳು ಜೋಮು ಹಿಡಿದಂತೆ ಇರುತ್ತವೆ, ಚಪ್ಪಲಿ ಜಾರಿದ್ದೂ ಗೊತ್ತಾಗುವುದಿಲ್ಲ. ಸಂಬಂಧವಿದೆಯೇ?
— ಗೃಹಿಣಿ, ಗಂಗಾವತಿ

ಉತ್ತರ: ಇರಬಹುದು, ಮತ್ತು ಇದನ್ನು ತಡ ಮಾಡಬಾರದು. ವಾಣಿಜ್ಯ ಹೆಕ್ಸೇನಿನ ಪ್ರಧಾನ ಅಂಶವಾದ ಎನ್-ಹೆಕ್ಸೇನ್ ದೇಹದೊಳಗೆ 2,5-ಹೆಕ್ಸೇನ್‌ಡೈಓನ್ ಎಂಬ ವಸ್ತುವಾಗಿ ಮಾರ್ಪಟ್ಟು, ಕೈಕಾಲುಗಳ ಉದ್ದನೆಯ ನರಗಳನ್ನು ತುದಿಯಿಂದ ಕೆಡಿಸುತ್ತಾ ಬರುತ್ತದೆ. ಮೊದಲು ಕಾಲ್ಬೆರಳು, ಆಮೇಲೆ ಕೈಬೆರಳು, ಮುಂದೆ ನಡಿಗೆಯಲ್ಲಿ ನಿಶ್ಶಕ್ತಿ. ಜಪಾನಿನಲ್ಲಿ ಚಪ್ಪಲಿ ಅಂಟಿಸುವ ಕಾರ್ಮಿಕರಲ್ಲಿ 1960ರ ದಶಕದಲ್ಲಿ ಇದು ಬೆಳಕಿಗೆ ಬಂತು. 2009ರಲ್ಲಿ ಚೀನಾದ ಸುಝೌ ನಗರದಲ್ಲಿ ಮೊಬೈಲ್ ಪರದೆಗಳನ್ನು ಹೆಕ್ಸೇನಿನಿಂದ ಒರೆಸುತ್ತಿದ್ದ ನೂರಕ್ಕೂ ಹೆಚ್ಚು ಮಂದಿಗೆ ಇದೇ ತೊಂದರೆಯಾಯಿತು. ಸಕ್ಕರೆ ಕಾಯಿಲೆಯಲ್ಲಿಯೂ ಇಂಥದೇ ಜೋಮು ಬರುವುದರಿಂದ, ವೈದ್ಯರಿಗೆ ಅವರ ಕೆಲಸ ಏನೆಂಬುದನ್ನು ನೀವೇ ಬಾಯಿಬಿಟ್ಟು ಹೇಳಬೇಕು. ನರಗಳ ವಹನ ಪರೀಕ್ಷೆ ಮಾಡಿಸಬಹುದೇ ಎಂದು ನರರೋಗ ತಜ್ಞರನ್ನು ಕೇಳಿ. ಹೆಕ್ಸೇನಿನಿಂದ ದೂರವಾದ ಮೇಲೂ ಕೆಲವು ತಿಂಗಳು ನಿಶ್ಶಕ್ತಿ ಹೆಚ್ಚುವುದುಂಟು, ಅದಕ್ಕೆ ಧೈರ್ಯಗೆಡಬೇಡಿ; ಅನಂತರ ನಿಧಾನವಾಗಿ ಸುಧಾರಿಸುವವರೇ ಹೆಚ್ಚು. ಕೈ ತೊಳೆಯಲು ಸಾಬೂನು ಸಾಕು. ಬಾಯಿಗೆ ಟವೆಲ್ ಕಟ್ಟಿಕೊಂಡರೆ ತೌಡಿನ ದೂಳು ನಿಂತೀತು, ಆವಿ ನಿಲ್ಲದು; ಅದಕ್ಕೆ ಸಾವಯವ ಆವಿಗೆಂದೇ ಇರುವ ಕಾರ್ಟ್ರಿಜ್ ಮಾಸ್ಕ್ ಬೇಕು.

ಪ್ರಶ್ನೆ: ಹಾಗಾದರೆ ತೌಡೆಣ್ಣೆ ತಿನ್ನಬಹುದೇ?
— ಓದುಗರು, ಕಾರಟಗಿ

ಉತ್ತರ: ತಿನ್ನಬಹುದು. ಸಾಲ್ವೆಂಟಿನಿಂದ ತೆಗೆದ ಎಣ್ಣೆಯನ್ನು ರಿಫೈನ್ ಮಾಡದೆ ಊಟಕ್ಕೆ ಮಾರುವಂತಿಲ್ಲ. ರಿಫೈನ್ ಮಾಡುವಾಗ ನಿರ್ವಾತದಲ್ಲಿ 200 ಡಿಗ್ರಿಗೂ ಮೀರಿ ಕಾಯಿಸಿ ಉಗಿ ಹಾಯಿಸುವುದರಿಂದ ಹೆಕ್ಸೇನ್ ಹೊರಟುಹೋಗುತ್ತದೆ; ಆಹಾರ ಸುರಕ್ಷತಾ ನಿಯಮದಂತೆ ಹತ್ತು ಲಕ್ಷಕ್ಕೆ 5 ಭಾಗಕ್ಕಿಂತ ಹೆಚ್ಚು ಉಳಿದಿರಬಾರದು.

ಪ್ರಶ್ನೆ: ನನ್ನದು ಬಳ್ಳಾರಿಯಲ್ಲಿ ಸಣ್ಣ ಗ್ಯಾರೇಜು. ಬಿಡಿಭಾಗ ತೊಳೆಯಲು ಹೆಕ್ಸೇನನ್ನು ಪ್ಲಾಸ್ಟಿಕ್ ಕ್ಯಾನಿನಲ್ಲಿ ಅಗ್ಗಕ್ಕೆ ತಂದುಕೊಡುತ್ತೇನೆ ಎನ್ನುತ್ತಾರೆ. ತೊಳೆದ ಕೊಳೆಯನ್ನು ಮೋರಿಗೆ ಬಿಡಬಹುದೇ?
— ಗ್ಯಾರೇಜ್ ಮಾಲೀಕರು, ಬಳ್ಳಾರಿ

ಉತ್ತರ: ಕೊಳ್ಳಲೂ ಬೇಡಿ, ಮೋರಿಗೆ ಬಿಡಲೂ ಬೇಡಿ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಇದು ಪೆಟ್ರೋಲಿನಂತೆಯೇ ‘ಎ’ ವರ್ಗದ್ದು. ಮಾರಾಟಕ್ಕಲ್ಲದೆ 30 ಲೀಟರಿನವರೆಗೆ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದಾದರೂ ಅದು ಬಿಗಿ ಮುಚ್ಚಳದ ಲೋಹದ ಡಬ್ಬಿಯಲ್ಲಿರಬೇಕು, ಗಾಜು ಅಥವಾ ಪಿಂಗಾಣಿಯಾದರೆ ಒಂದು ಲೀಟರ್ ಮೀರಬಾರದು; ಪ್ಲಾಸ್ಟಿಕ್ಕಿನ ಮಾತೇ ಇಲ್ಲ. ಪೆಟ್ರೋಲಿಗೆ ಬೆರೆಸುವ ದಂಧೆ ತಡೆಯಲೆಂದು 2000ದಲ್ಲಿ ಹೊರಟ ಸಾಲ್ವೆಂಟ್ ನಿಯಂತ್ರಣ ಆದೇಶದ ಕಾರಣ, ಹೀಗೆ ಕದ್ದುಮುಚ್ಚಿ ಬರುವ ಮಾಲಿನ ಮೂಲ ಕೇಳಿದಾಗ ಸಿಕ್ಕಿಬೀಳುವವರು ನೀವೇ.

ಮೋರಿಯ ವಿಷಯಕ್ಕೆ ಅಮೆರಿಕದ ಲೂಯಿವಿಲ್ ನಗರದ ಉದಾಹರಣೆ ಸಾಕು. ಅಲ್ಲಿನ ಸೋಯಾ ಎಣ್ಣೆ ಕಾರ್ಖಾನೆಯೊಂದರಿಂದ ಒಳಚರಂಡಿಗೆ ಸೇರಿದ ಹೆಕ್ಸೇನಿನ ಆವಿಗೆ 1981ರ ಫೆಬ್ರುವರಿ 13ರ ಬೆಳಗಿನ ಜಾವ ಹಾದುಹೋಗುತ್ತಿದ್ದ ಕಾರಿನಿಂದ ಕಿಡಿ ತಗುಲಿ, ಮೂರು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ರಸ್ತೆಗಳು ಒಡೆದುಹೋದವು. ಸಾವು ಸಂಭವಿಸಲಿಲ್ಲ ಎಂಬುದು ಆ ಊರಿನವರ ಪುಣ್ಯ. ಹೆಕ್ಸೇನ್ ನೀರಿನಲ್ಲಿ ಕರಗದೆ ತೇಲುವುದರಿಂದ ನೀರು ಸುರಿದರೆ ಚರಂಡಿಯಲ್ಲಿ ಇನ್ನೂ ಮುಂದಕ್ಕೆ ಸಾಗುತ್ತದೆ. ಹೊತ್ತಿದಾಗಲೂ ನೀರಿನ ಧಾರೆಯಿಂದ ಆರುವುದಿಲ್ಲ, ಹರಡುತ್ತದೆ. ನೊರೆ ಅಥವಾ ಡ್ರೈ ಪೌಡರ್ ಸಿಲಿಂಡರ್ ಬೇಕು. ನೆಲಕ್ಕೆ ಚೆಲ್ಲಿದರೆ ಒಣ ಮರಳು ಹಾಕಿ, ಕಿಡಿ ಹಾರದ ಸಲಿಕೆಯಿಂದ ಬಳಿದು, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ತುಂಬಿ ಹೊರಗಿಡಬೇಕು. ಆ ಹೊತ್ತಿನಲ್ಲಿ ಫ್ಯಾನ್ ಹಾಕುವುದೂ ಬೇಡ, ಉರಿಯುತ್ತಿರುವ ದೀಪ ಆರಿಸುವುದೂ ಬೇಡ, ಏಕೆಂದರೆ ಎರಡರಲ್ಲೂ ಸ್ವಿಚ್ಚಿನಲ್ಲಿ ಕಿಡಿ ಹಾರುತ್ತದೆ. ನಿಮ್ಮ ಬಿಡಿಭಾಗಗಳಿಗೆ ನೀರಿನಲ್ಲಿ ಕಲಸುವ ಡಿಗ್ರೀಸರ್ ಬಳಸಿ. ಅರ್ಧ ಗಂಟೆ ನೆನೆಹಾಕಬೇಕಾದೀತು, ಕೆಲಸ ಮಾತ್ರ ಆಗುತ್ತದೆ.