ಮಝಲ್ ಬ್ರೇಕ್ ಓರೆಯಾಗಿ ನಿಲ್ಲುತ್ತಿದ್ದರೆ

ಮಝಲ್ ಬ್ರೇಕ್ ಅಂದರೆ ರೈಫಲ್ ಬ್ಯಾರಲ್ ತುದಿಗೆ ತಿರುಗಿಸಿ ಹಾಕುವ, ಹಿಂದೊದೆತ ಕಡಿಮೆ ಮಾಡುವ ಭಾಗ. ಕೈಯಲ್ಲಿ ತಿರುಗಿಸಿದಾಗ ಬ್ರೇಕ್ ನೇರ ಸ್ಥಾನ ದಾಟಿ ಸುಮಾರು 40 ಡಿಗ್ರಿ ಮುಂದೆ ನಿಲ್ಲುತ್ತದೆ, ಸ್ವಲ್ಪ ಹಿಂದಕ್ಕೆ ತಿರುಗಿಸಿ ಹಾಗೇ ಬಿಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಸಡಿಲ ಬ್ರೇಕ್ ಗುಂಡು ಹಾರಿಸುತ್ತಾ ತಿರುಗಿಬಿಡುತ್ತದೆ. ಬೋರ್‌ಗೆ (ಬ್ಯಾರಲ್ ಒಳಗಿನ ಗುಂಡಿನ ದಾರಿಗೆ) ನೇರವಾಗಿ ಕೂರದಿದ್ದರೆ ಗುಂಡು ಬ್ರೇಕಿಗೇ ತಾಗಬಹುದು.

ಇದಕ್ಕೆ ಶಿಮ್ ಬೇಕು, ಅಂದರೆ ಬ್ರೇಕಿಗೂ ಅದು ಬಂದು ಕೂರುವ ಬ್ಯಾರಲ್ ಅಂಚಿಗೂ (ಶೋಲ್ಡರ್) ನಡುವೆ ಹಾಕುವ ತೆಳುವಾದ ಉಕ್ಕಿನ ಬಳೆ. ನಿಮ್ಮದು 1/2-28 ಥ್ರೆಡ್ (ಅರ್ಧ ಇಂಚು ವ್ಯಾಸ, ಇಂಚಿಗೆ 28 ಎಳೆ) ಅಂದಿರಿ. ಅದರಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸಿದರೆ ಬ್ರೇಕ್ 0.907 ಮಿ.ಮೀ. ಸರಿಯುತ್ತದೆ. ಹಾಗಾಗಿ 0.1 ಮಿ.ಮೀ. ಶಿಮ್ ಹಾಕಿದರೆ ಸುಮಾರು 40 ಡಿಗ್ರಿ ಮೊದಲೇ ನಿಲ್ಲುತ್ತದೆ. ಆದರೆ ಕೈಬಿಗಿಯಲ್ಲೇ ನೇರಕ್ಕೆ ಬಂದರೆ ಸಾಲದು, ಸ್ಪ್ಯಾನರ್‌ಗೆ ಜಾಗ ಉಳಿಯಬೇಕು ಅಲ್ವಾ? ಇಪ್ಪತ್ತು ಡಿಗ್ರಿಯಷ್ಟು ಹಿಂದೆ ನಿಲ್ಲಲಿ. ಅಲ್ಲಿಗೆ 60 ಡಿಗ್ರಿ ಆಯಿತು, ನಿಮಗೆ ಒಟ್ಟು 0.15 ಮಿ.ಮೀ. ಆಸುಪಾಸು ಬೇಕಾಗುತ್ತದೆ. ಕೊನೆಯ ಬಿಗಿಯನ್ನು ಬ್ರೇಕ್ ತಯಾರಕರು ಹೇಳಿದ ಟಾರ್ಕ್‌ಗೆ ಕೊಡಿ.

ಮೊದಲು ರೈಫಲ್ ಖಾಲಿ ಇದೆಯಾ ಅಂತ ಚೇಂಬರ್ (ಗುಂಡು ಕೂರುವ ಗೂಡು) ಒಳಗೆ ಬೆರಳಿಟ್ಟು ನೋಡಿ. ಥ್ರೆಡ್ ಮತ್ತು ಶೋಲ್ಡರ್ ಒರೆಸಿ. ಅಲ್ಲಿ ಸಿಕ್ಕ ಒಂದು ಸಣ್ಣ ಲೋಹದ ಚೂರೂ ಬ್ರೇಕನ್ನು ಓರೆ ಮಾಡುತ್ತದೆ. ವೈಸ್‌ನಲ್ಲಿ ಹಿಡಿಯಬೇಕಾದ್ದು ಬ್ಯಾರಲ್ಲನ್ನು. ರಿಸೀವರ್ (ಬ್ಯಾರಲ್ ಜೋಡಿಸಿರುವ ರೈಫಲ್‌ನ ಮುಖ್ಯ ಭಾಗ) ಹಿಡಿದು ತಿರುಗಿಸಿದರೆ ಬ್ಯಾರಲ್ ಜಾಯಿಂಟ್‌ಗೇ ಒತ್ತಡ ಬೀಳುತ್ತದೆ.

ಬಿಗಿದ ಮೇಲೆ ಬೋರ್ ಅಳತೆಯ ನೇರ ಅಲೈನ್‌ಮೆಂಟ್ ರಾಡ್ ತೂರಿಸಿ. ಬ್ರೇಕಿನ ತೂತಿನ ಮಧ್ಯದಲ್ಲಿ ಸುತ್ತಲೂ ಒಂದೇ ಸಮ ಸಂದು ಕಾಣಬೇಕು. ಒಂದು ಕಡೆ ತಾಗುತ್ತಿದ್ದರೆ ಹಾರಿಸಬೇಡಿ, ಗನ್‌ಸ್ಮಿತ್‌ಗೆ ತೋರಿಸಿ.