ಪ್ಲೇಟ್‌ಲೆಟ್ ಕಡಿಮೆ ಬಂದಿದೆ, ಲೆಕ್ಕ ಸರಿಯಿದೆಯಾ?

ಪ್ರಶ್ನೆ: ಡಾಕ್ಟರೇ, ನನಗೆ 34 ವರ್ಷ. ಸುಮ್ನೆ ಇರಲಿ ಅಂತ ರಕ್ತ ಪರೀಕ್ಷೆ ಮಾಡಿಸಿದೆ. ಪ್ಲೇಟ್‌ಲೆಟ್ 62,000 ಬಂದಿದೆ. ಜ್ವರ ಇಲ್ಲ, ಎಲ್ಲೂ ರಕ್ತ ಬಂದಿಲ್ಲ. ಕ್ಯಾನ್ಸರ್ ಇರಬಹುದಾ ಅಂತ ಎರಡು ರಾತ್ರಿಯಿಂದ ನಿದ್ದೆ ಇಲ್ಲ.

ಉತ್ತರ: ಹೆದರಿಕೆ ಆಗುವುದು ಸಹಜ ತಾಯಿ. ಪ್ಲೇಟ್‌ಲೆಟ್ ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಸಣ್ಣ ಕಣ. ಸಾಮಾನ್ಯವಾಗಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5ರಿಂದ 4.5 ಲಕ್ಷ ಇರಬೇಕು. ಆದರೆ ಮೊದಲು ಆ 62,000 ನಿಜವಾದ ಲೆಕ್ಕವೇ ಅಂತ ನೋಡೋಣ.

ನಾನು ದಿನವಿಡೀ ಮೈಕ್ರೋಸ್ಕೋಪ್ ಮುಂದೆ ಕೂರುವವಳು. ಮೆಷಿನ್ ಕಡಿಮೆ ಅಂದ ರಕ್ತವನ್ನು ಸ್ಲೈಡ್ ಮೇಲೆ ಸವರಿ ನೋಡಿದರೆ, ಅಂಚಿನಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಂಡಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ರಕ್ತ ತೆಗೆದು ಹಾಕುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಅನ್ನುವ ರಾಸಾಯನಿಕ ಇರುತ್ತದೆ, ರಕ್ತ ಹೆಪ್ಪುಗಟ್ಟದಿರಲಿ ಅಂತ. ಕೆಲವರ ರಕ್ತದಲ್ಲಿ ಆ ಇಡಿಟಿಎಯೇ ಪ್ಲೇಟ್‌ಲೆಟ್‌ಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಅಂಟಿಕೊಂಡದ್ದನ್ನು ಮೆಷಿನ್ ಸರಿಯಾಗಿ ಎಣಿಸುವುದಿಲ್ಲ. ಕಡಿಮೆಯಾಗಿದ್ದು ಟ್ಯೂಬಿನಲ್ಲಿ, ಮೈಯಲ್ಲಲ್ಲ! ಹಾಗಾಗಿ ಸ್ಮಿಯರ್, ಅಂದರೆ ಸ್ಲೈಡ್ ಮೇಲೆ ಸವರಿದ ರಕ್ತ, ನೋಡಲು ಹೇಳಿ. ಗುಂಪು ಕಂಡರೆ ಇಡಿಟಿಎ ಬದಲು ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬಿನಲ್ಲಿ ಮತ್ತೆ ಎಣಿಸುತ್ತಾರೆ.

ನಿಜವಾಗಿಯೂ ಕಡಿಮೆ ಇದ್ದರೆ ಕಾರಣ ಹುಡುಕಬೇಕು. ಇತ್ತೀಚೆಗೆ ವೈರಲ್ ಜ್ವರ ಬಂದಿತ್ತಾ? ಯಾವ ಮಾತ್ರೆ ತಗೊಂಡಿರಿ? ಸಲ್ಫಾ ಮಾತ್ರೆ, ಕ್ವಿನೈನ್, ಹೆಪಾರಿನ್ ಇಂಜೆಕ್ಷನ್ ಎಲ್ಲವೂ ಇಳಿಸಬಲ್ಲವು. ಗರ್ಭಿಣಿಯಾ ಅಂತಲೂ ಕೇಳುತ್ತಾರೆ. ಲಿವರ್ ಕೆಟ್ಟು ಗುಲ್ಮ (ಸ್ಪ್ಲೀನ್) ದೊಡ್ಡದಾದರೆ ಪ್ಲೇಟ್‌ಲೆಟ್‌ಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಅದಕ್ಕೇ ಹೊಟ್ಟೆಯ ಸ್ಕ್ಯಾನ್. ಬಿ12, ಹೆಪಟೈಟಿಸ್ ಸಿ, ಎಚ್‌ಐವಿ ಪರೀಕ್ಷೆಯನ್ನೂ ಬರೆಯಬಹುದು, ತಪ್ಪು ತಿಳಿಯಬೇಡಿ. ಇನ್ನು ಐಟಿಪಿ ಅಂತ ಒಂದಿದೆ. ಅದರಲ್ಲಿ ಮೈಯ ರಕ್ಷಣಾ ವ್ಯವಸ್ಥೆಯೇ ಪ್ಲೇಟ್‌ಲೆಟ್‌ಗಳನ್ನು ನಾಶ ಮಾಡುತ್ತದೆ. ಇದನ್ನು ಹಿಡಿಯಲು ಒಂದೇ ಖಚಿತ ಪರೀಕ್ಷೆ ಇಲ್ಲ. ಬೇರೆ ಕಾರಣಗಳು ಅಲ್ಲ ಅಂತ ಆದಮೇಲೇ ಹೇಳುವುದು.

ಕ್ಯಾನ್ಸರ್ ಬಗ್ಗೆ ಕೇಳಿದ್ದೀರಿ. ಹಿಮೋಗ್ಲೋಬಿನ್, ಬಿಳಿ ರಕ್ತಕಣ ಕೂಡ ಏರುಪೇರಾಗಿದ್ದರೆ, ಸ್ಮಿಯರ್‌ನಲ್ಲಿ ವಿಚಿತ್ರ ಕಣ ಕಂಡರೆ ಮೂಳೆಮಜ್ಜೆ ಪರೀಕ್ಷೆಯ ಮಾತು ಬರುತ್ತದೆ. ನಿಮ್ಮ ರಿಪೋರ್ಟಿನಲ್ಲಿ ಆ ಎರಡು ಸಾಲು ಈಗಲೇ ನೋಡಿಕೊಳ್ಳಿ.

62,000ಕ್ಕೆ ತಾನಾಗಿಯೇ ರಕ್ತ ಸೋರುವುದು ಅಪರೂಪ. ಆದರೂ ನೋವಿಗೆ ಅಂತ ಆಸ್ಪಿರಿನ್, ಐಬುಪ್ರೊಫೇನ್ ನೀವೇ ನುಂಗಬೇಡಿ. ಮೊಣಕಾಲ ಕೆಳಗೆ ಒತ್ತಿದರೂ ಮಾಯವಾಗದ ಸಣ್ಣ ಕೆಂಪು ಚುಕ್ಕೆ, ವಸಡಿನಲ್ಲಿ ರಕ್ತ, ಕಪ್ಪು ಮಲ, ಜೋರು ತಲೆನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಹಳೆಯ ರಿಪೋರ್ಟ್ ಇದ್ದರೆ ಹುಡುಕಿ ತನ್ನಿ. ಐದು ವರ್ಷದ ಹಿಂದೆಯೂ ಇಷ್ಟೇ ಇತ್ತು ಅಂದರೆ ನಾವು ಯೋಚಿಸುವ ದಾರಿಯೇ ಬೇರೆ.