ಹಲವು ಬಗೆಯ ಸಂಗೀತ ಬೆರೆಸಿದ ರಾಕ್ ಆಲ್ಬಂ ಮಾಡಿದರೆ ಯಾವ ವಿಮರ್ಶಕರ ಮಾತು ಕೇಳಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ನೀವು ತುಮಕೂರಿನವರು. ಯಾವ ಕಂಪನಿಯ ಬೆಂಬಲವೂ ಇಲ್ಲದೆ, ಸ್ವಂತ ದುಡ್ಡು ಹಾಕಿ ಒಂಬತ್ತು ಹಾಡಿನ ಕನ್ನಡ ರಾಕ್ ಆಲ್ಬಂ ಮಾಡಿದ್ದೀರಿ. ಅದರಲ್ಲಿ ತಮಟೆ ಇದೆ, ತತ್ವಪದದ ಧಾಟಿ ಇದೆ, ಕುಣಿಸುವ ಲಯದ ಫಂಕ್ ಇದೆ, ಒಂದು ಕಡೆ ಮೆಟಲ್ ಕೂಡ ಇದೆ. ಮೂರು ವಿಮರ್ಶೆ ಬಂದಿವೆ. ಒಬ್ಬರು ‘ಧೈರ್ಯದ ಕೆಲಸ’ ಅಂದಿದ್ದಾರೆ. ಇನ್ನೊಬ್ಬರು ‘ದಿಕ್ಕುದೆಸೆ ಇಲ್ಲ’ ಅಂದಿದ್ದಾರೆ. ಮೂರನೆಯವರು ಜಾಸ್ತಿ ಏನೂ ಬರೆಯದೆ, ನಾಲ್ಕನೇ ಹಾಡಿನಲ್ಲಿ ತಮಟೆ ಬಂದ ಕೂಡಲೇ ಹಾಡಿನ ಓಟ ನಿಂತುಹೋಗುತ್ತದೆ ಅಂದಿದ್ದಾರೆ. ಯಾರನ್ನು ನಂಬಲಿ, ಮುಂದಿನ ಆಲ್ಬಂ ಒಂದೇ ಬಗೆಯದ್ದು ಮಾಡಿಬಿಡಲೇ ಎಂದು ಕೇಳಿದ್ದೀರಿ.

ಮೂರನೆಯವರನ್ನು ನಂಬಿ. ಒಂದೇ ಬಗೆಯ ಆಲ್ಬಂ ಮಾತ್ರ ಮಾಡಬೇಡಿ.

ನಾನು ಕೋಲಾರದಲ್ಲಿ ಒಂದು ಚಿಕ್ಕ ರೆಕಾರ್ಡಿಂಗ್ ರೂಮ್ ನಡೆಸುತ್ತೇನೆ. ಭಜನೆ ತಂಡದವರು, ತತ್ವಪದ ಹಾಡುವವರು, ಕೆಜಿಎಫ್ ಕಡೆಯ ಚರ್ಚ್ ಕ್ವಾಯರ್‌ನವರು, ರಾಕ್ ಬ್ಯಾಂಡ್ ಕಟ್ಟಿಕೊಂಡ ಕಾಲೇಜು ಹುಡುಗರು, ಎಲ್ಲರೂ ಬರುತ್ತಾರೆ. ನೀವು ಕೊಟ್ಟ ಲಿಂಕ್‌ನಿಂದ ಆಲ್ಬಂ ಪೂರ್ತಿ ಕೇಳಿದೆ. ಹೆಡ್‌ಫೋನ್‌ನಲ್ಲೂ ಕೇಳಿದೆ, ರೂಮಿನ ಸ್ಪೀಕರ್‌ನಲ್ಲೂ ಕೇಳಿದೆ. ಅದಾದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಇಬ್ಬರ ಮಾತು ಒಂದಕ್ಕೊಂದು ವಿರುದ್ಧ ಅಂತ ನಿಮಗೆ ಅನ್ನಿಸಿದೆ. ನನಗೆ ಹಾಗೆ ಕಾಣಲಿಲ್ಲ. ಇಬ್ಬರೂ ನಿಮ್ಮ ಆಲ್ಬಂನಲ್ಲಿ ಎಷ್ಟು ಬಗೆಯ ಸಂಗೀತ ಇದೆ ಅಂತ ಎಣಿಸಿದ್ದಾರೆ, ಅಷ್ಟೇ. ಎಣಿಕೆ ಒಬ್ಬರಿಗೆ ಇಷ್ಟವಾಯಿತು, ಇನ್ನೊಬ್ಬರಿಗೆ ಆಗಲಿಲ್ಲ. ಯಾವ ಹಾಡಿನ ಯಾವ ಜಾಗದಲ್ಲಿ ಏನಾಯಿತು ಎಂದು ಇಬ್ಬರೂ ಹೇಳಿಲ್ಲ. ಹೊಗಳಿಕೆ ಕೇಳೋದಕ್ಕೆ ಹಿತವಾಗಿರುತ್ತದೆ, ನಿಜ. ಆದರೆ ಆ ಹೊಗಳಿಕೆ ಇಟ್ಟುಕೊಂಡು ನೀವು ನಾಳೆ ಮಿಕ್ಸ್‌ನಲ್ಲಿ ದನಿ ಏರಿಳಿಸುವ ಒಂದು ಫೇಡರ್ ಕೂಡ ಸರಿಸಲಾರಿರಿ.

ಇಂಥ ಆಲ್ಬಂಗಳಿಗೆ ಹೀಗಾಗುವುದು ಹೊಸದೇನಲ್ಲ. ಬ್ರಿಟನ್ನಿನ ‘ದಿ ಕ್ಲ್ಯಾಶ್’ ಪಂಕ್ ಬ್ಯಾಂಡ್ ಅಂತಲೇ ಹೆಸರಾದದ್ದು. 1980ರ ಡಿಸೆಂಬರ್‌ನಲ್ಲಿ ಅವರು ‘ಸ್ಯಾಂಡಿನಿಸ್ಟಾ!’ ತಂದರು. ಮೂರು ಎಲ್‌ಪಿ, 36 ಹಾಡು. ರೆಗೆ, ಡಬ್, ರ‍್ಯಾಪ್, ಗಾಸ್ಪೆಲ್, ವಾಲ್ಟ್ಸ್, ಮಕ್ಕಳ ದನಿ, ಎಲ್ಲವೂ ಅದರಲ್ಲಿತ್ತು. ವಿಪರೀತ ಉದ್ದ, ಮನಸ್ಸಿಗೆ ಬಂದಿದ್ದೆಲ್ಲ ತುಂಬಿದ್ದಾರೆ ಎಂಬ ದೂರು ಆಗಲೇ ಬಂತು. ಅದೇ ಆಲ್ಬಂ 1981ರಲ್ಲಿ ಅಮೆರಿಕದ ‘ವಿಲೇಜ್ ವಾಯ್ಸ್’ ಪತ್ರಿಕೆ ನಡೆಸುತ್ತಿದ್ದ ವಿಮರ್ಶಕರ ಮತದಾನದಲ್ಲಿ ವರ್ಷದ ಮೊದಲ ಸ್ಥಾನ ಪಡೆಯಿತು. ಪಾಲ್ ಮೆಕಾರ್ಟ್ನಿ ಮತ್ತು ಲಿಂಡಾ ಮೆಕಾರ್ಟ್ನಿ 1971ರಲ್ಲಿ ತಂದ ‘ರ‍್ಯಾಮ್’ ಕಥೆಯೂ ಹಾಗೇ. ಆಗ ‘ರೋಲಿಂಗ್ ಸ್ಟೋನ್’ ಅದನ್ನು ಕಟುವಾಗಿ ತೆಗಳಿತು. ಈಗ ಅದನ್ನು ಇಂಡಿ ಪಾಪ್‌ಗೆ ದಾರಿ ತೋರಿಸಿದ ಆಲ್ಬಂ ಅಂತ ಗೌರವದಿಂದ ನೋಡುತ್ತಾರೆ.

ದೂರದ ಮಾತು ಬಿಡಿ. ಮೈಸೂರಿನ ರಘು ದೀಕ್ಷಿತ್ ಅವರನ್ನೇ ನೋಡಿ. ಭರತನಾಟ್ಯ ಕಲಿತವರು, ಮೈಕ್ರೋಬಯಾಲಜಿ ಓದಿದವರು, ಗಿಟಾರ್ ತಾವೇ ಕಲಿತವರು. ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಅಷ್ಟರೊಳಗೆ ರೆಕಾರ್ಡ್ ಕಂಪನಿಗಳು ವರ್ಷಗಟ್ಟಲೆ ಬೇಡ ಅಂದಿದ್ದವು. ಕೊನೆಗೆ ಮುಂಬೈನಲ್ಲಿ ಅವರ ಹಾಡು ಕೇಳಿದ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ತಮ್ಮದೇ ಲೇಬಲ್‌ನಿಂದ ಅದನ್ನು ತಂದರು. ಒಂದೇ ಆಲ್ಬಂನಲ್ಲಿ ಶಿಶುನಾಳ ಶರೀಫರ ತತ್ವಪದ, ಹಿಂದಿ ಹಾಡು, ಇಂಗ್ಲಿಷ್ ಹಾಡು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಅದು ಬ್ರಿಟನ್ನಿನ ಐಟ್ಯೂನ್ಸ್ ವರ್ಲ್ಡ್ ಮ್ಯೂಸಿಕ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯವರು ಹೊಸಬರಿಗೆ ಕೊಡುವ ಪ್ರಶಸ್ತಿಯೂ ಬಂತು. 2008ರಲ್ಲಿ ಇದ್ದ ಹಾಡುಗಳೇ 2010ರಲ್ಲೂ ಇದ್ದವು. ಅಷ್ಟರಲ್ಲಿ ಕೇಳುವವರಿಗೆ ಅದನ್ನು ಯಾವ ಬಗೆಯ ಸಂಗೀತ ಅಂತ ಕೇಳಬೇಕು ಎಂದು ಗೊತ್ತಾಗಿತ್ತು.

ನನಗೆ ಆ ಆಲ್ಬಂನಲ್ಲಿ ಕಂಡದ್ದು ಇದು: ಭಾಷೆ ಬದಲಾಗುತ್ತದೆ, ವಾದ್ಯ ಬದಲಾಗುತ್ತದೆ, ಆದರೆ ಹಾಡುವ ಗಂಟಲು ಎಲ್ಲಿಯೂ ಬೇರೆಯವರ ಗಂಟಲಾಗುವುದಿಲ್ಲ. ಬೆರಕೆ ನಿಲ್ಲುವುದೋ ಬೀಳುವುದೋ ಅಲ್ಲೇ ತೀರ್ಮಾನವಾಗುತ್ತದೆ. ನಿಮ್ಮ ಆಲ್ಬಂನಲ್ಲಿ ನಾನು ಹುಡುಕಿದ್ದೂ ಅದನ್ನೇ.

ಆರನೇ ಹಾಡಿನಲ್ಲಿ ಅದು ಸಿಕ್ಕಿತು. ತತ್ವಪದದ ಧಾಟಿಯ ಹಾಡು. ಏಕತಾರಿ ಒಂದೇ ಶ್ರುತಿ ಹಿಡಿದಿದೆ. ಬಾಸ್ ಗಿಟಾರ್ ಕೂಡ ಆ ಸ್ವರ ಬಿಟ್ಟು ಕದಲುವುದಿಲ್ಲ. ಗಿಟಾರ್‌ನ ಫೀಡ್‌ಬ್ಯಾಕ್ ಬಂದಾಗ ಅದೂ ಅದೇ ಸ್ವರಕ್ಕೆ ಬಂದು ಕೂರುತ್ತದೆ. ಕೈವಾರ ನಮ್ಮ ಪಕ್ಕದ ಚಿಂತಾಮಣಿ ತಾಲ್ಲೂಕಿನಲ್ಲಿದೆ. ಅಲ್ಲಿನ ಸಂತ ಕೈವಾರ ತಾತಯ್ಯನವರ ಪದಗಳನ್ನು ತೆಲುಗಿನಲ್ಲೂ ಕನ್ನಡದಲ್ಲೂ ಕೇಳಿಕೊಂಡೇ ಬೆಳೆದ ಕಿವಿ ನನ್ನದು. ಆ ಕಿವಿಗೆ ನಿಮ್ಮ ಹಾಡು ಎಲ್ಲೂ ಅಂಟಿಸಿದ ಹಾಗೆ ಕೇಳಲಿಲ್ಲ. ರಾಕ್‌ನಲ್ಲೂ ಒಂದೇ ಸ್ವರದ ಮೇಲೆ ನಿಂತು ಹಾಡು ಕಟ್ಟುವ ಅಭ್ಯಾಸ ಇದೆ, ತತ್ವಪದದಲ್ಲೂ ಇದೆ. ನೀವು ಎರಡನ್ನೂ ಆ ಜಾಗದಲ್ಲಿ ಭೇಟಿ ಮಾಡಿಸಿದ್ದೀರಿ. ಮೂರು ವಿಮರ್ಶೆಯಲ್ಲೂ ಈ ಹಾಡಿನ ಬಗ್ಗೆ ಒಂದು ಸಾಲಿಲ್ಲ. ನನಗೆ ಅದು ನಿಜಕ್ಕೂ ಬೇಸರ ತರಿಸಿತು.

ಈಗ ನಾಲ್ಕನೇ ಹಾಡು. ಮೂರನೆಯವರ ಕಿವಿ ಚೆನ್ನಾಗಿದೆ. ಫಂಕ್ ಡ್ರಮ್ಸ್ ಮೇಲೆ ತಮಟೆ ಬರುತ್ತದೆ, ಬಂದ ತಕ್ಷಣ ಹಾಡು ಭಾರವಾಗುತ್ತದೆ. ನನಗೆ ಕೇಳಿದ ಮಟ್ಟಿಗೆ ನೀವು ತಮಟೆಯನ್ನು ಕ್ಲಿಕ್ (ತಾಳ ತೋರಿಸುವ ಟಿಕ್ ಟಿಕ್ ಸದ್ದು) ಹಾಕಿ ರೆಕಾರ್ಡ್ ಮಾಡಿ, ಆಮೇಲೆ ಪ್ರತಿ ಏಟನ್ನೂ ಕ್ವಾಂಟೈಸ್ ಮಾಡಿ, ಅಂದರೆ ಕಂಪ್ಯೂಟರ್‌ನಲ್ಲಿ ಎಳೆದು ತಾಳದ ಗೆರೆಗೆ ಕೂರಿಸಿದ್ದೀರಿ. ತಮಟೆಯ ಜೀವ ಇರುವುದೇ ತೆಳು ಕಡ್ಡಿಯ ಏಟಿನಲ್ಲಿ. ದಪ್ಪ ಕೋಲು ತಾಳ ಹಿಡಿಯುತ್ತದೆ, ತೆಳು ಕಡ್ಡಿ ಅದರ ಸುತ್ತ ಕೂದಲೆಳೆಯಷ್ಟು ಹಿಂದೆ ಮುಂದೆ ಆಡುತ್ತದೆ. ಅದನ್ನು ಗೆರೆಗೆ ಎಳೆದರೆ ಉಳಿಯುವುದು ಬರೀ ಸದ್ದು. ತಮಟೆ ಹೇಗೆ ಬಂತೋ ಹಾಗೆ ಬಿಟ್ಟು, ಡ್ರಮ್ಸ್ ಅನ್ನು ಅದಕ್ಕೆ ಹೊಂದಿಸಿ ನೋಡಿ.

ಇನ್ನೊಂದು ವಿಷಯ. ತಮಟೆಯ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿ ಬಿಗಿ ಮಾಡುತ್ತಾರೆ. ತಣ್ಣಗಾಗುತ್ತಾ ಹೋದಂತೆ ನಾದ ಇಳಿಯುತ್ತದೆ. ನೀವು ಬೇರೆ ಬೇರೆ ಸಲ ಬಾರಿಸಿದ ಟೇಕ್‌ಗಳಿಂದ ತುಂಡು ತಂದು ಜೋಡಿಸಿದ್ದೀರಿ, ಅಲ್ವಾ? ಎರಡನೇ ಚರಣದ ನಡುವೆ ನಾದ ತಟ್ಟನೆ ಕೆಳಗಿಳಿಯುತ್ತದೆ. ಒಂದೇ ಬಿಸಿಯಲ್ಲಿ ಬಾರಿಸಿದ ಟೇಕ್ ಪೂರ್ತಿ ಬಳಸಿ. ಡ್ರಮ್ಸ್‌ನ ಸ್ನೇರ್ ಮತ್ತು ತಮಟೆಯ ಏಟು ಕಿವಿಗೆ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ಬಡಿಯುತ್ತವೆ. ಆ ಭಾಗದಲ್ಲಿ ಸ್ನೇರ್ ತೆಗೆದರೂ ನಷ್ಟವಿಲ್ಲ.

ಯಾವ ವಿಮರ್ಶಕರೂ ಎತ್ತದ ಒಂದು ಮಾತು ನಾನು ಎತ್ತಲೇಬೇಕು. ನಿಮ್ಮ ಆಲ್ಬಂನ ವಿವರದಲ್ಲಿ ಗಿಟಾರ್ ಪೆಡಲ್‌ಗಳ ಹೆಸರೂ ಇದೆ. ತಮಟೆ ಬಾರಿಸಿದವರ ಹೆಸರಿಲ್ಲ. ನಮ್ಮ ಕಡೆ ತಮಟೆಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರು ದಲಿತ ಕುಟುಂಬಗಳವರು. ಹಬ್ಬಕ್ಕೂ ಸಾವಿಗೂ ಕರೆದು ಬಾರಿಸಿಸಿಕೊಂಡು, ಹೆಸರು ಕೇಳದೆ ಕಳಿಸಿದ ಊರುಗಳು ಎಷ್ಟೋ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ರೂಮಿಗೆ ಬರುವ ತಮಟೆ ಹುಡುಗರ ಮುಖ ಹೇಗಿತ್ತು ಅಂತ ನಾನು ನೋಡಿದ್ದೇನೆ. ನೀವು ಬೇಕಂತಲೇ ಬಿಟ್ಟಿಲ್ಲ ಅಂತ ನಂಬುತ್ತೇನೆ. ಇವತ್ತೇ ಸೇರಿಸಿ. ದುಡ್ಡು ಎಷ್ಟು ಕೊಟ್ಟಿರಿ ಅನ್ನುವುದನ್ನೂ ಒಮ್ಮೆ ಯೋಚಿಸಿ.

‘ದಿಕ್ಕುದೆಸೆ ಇಲ್ಲ’ ಎಂದವರ ಮಾತು ನಿಮ್ಮನ್ನು ಜಾಸ್ತಿ ಕಾಡುತ್ತಿದೆ ಅಂತ ಗೊತ್ತಾಗುತ್ತದೆ. ಬೆರೆಸುವುದೇ ತಪ್ಪು ಅನ್ನುವ ಅರ್ಥ ಅದರಲ್ಲಿದ್ದರೆ, ನಿಮ್ಮೂರಿನ ಪಕ್ಕದ ಗುಬ್ಬಿಯನ್ನು ನೆನೆಸಿಕೊಳ್ಳಿ. 1884ರಲ್ಲಿ ಅಲ್ಲಿ ಶುರುವಾದ ನಾಟಕ ಕಂಪನಿಯೇ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಬೆಳೆದದ್ದು. ಕಂಪನಿ ನಾಟಕದ ರಂಗಗೀತೆಗಳಲ್ಲಿ ಕರ್ನಾಟಕ ಸಂಗೀತದ ರಾಗವಿತ್ತು, ಹಿಂದೂಸ್ತಾನಿ ಇತ್ತು, ಪಾರ್ಸಿ ಮತ್ತು ಮರಾಠಿ ನಾಟಕಗಳಿಂದ ಬಂದ ಮಟ್ಟುಗಳಿದ್ದವು. ಹಾರ್ಮೋನಿಯಂ ಯುರೋಪಿನಿಂದ ಬಂದದ್ದು. ಇಷ್ಟೆಲ್ಲ ಬೆರೆತ ಹಾಡನ್ನು ಜನ ಒನ್ಸ್ ಮೋರ್ ಕೂಗಿ ಹಾಡಿಸಿಕೊಂಡರು. ನೀವು ಮಾಡುತ್ತಿರುವುದು ಆ ಮಣ್ಣಿಗೆ ಹೊರಗಿನದಲ್ಲ.

ಆದರೆ ಆ ವಿಮರ್ಶಕರ ಮಾತಿನಲ್ಲಿ ಒಂದು ಸಣ್ಣ ಸತ್ಯ ಇರಬಹುದು. ಮೆಟಲ್ ಹಾಡು ಮುಗಿದ ಕೂಡಲೇ ಏಕತಾರಿಯ ಹಾಡು ಬರುತ್ತದೆ. ಎರಡನ್ನೂ ಒಂದೇ ಗಟ್ಟಿಗೆ ಮಾಸ್ಟರ್ ಮಾಡಿಸಿದ್ದೀರಿ. ಮೆಲ್ಲಗೆ ಶುರುವಾಗಬೇಕಾದ ಹಾಡು ಕಿವಿಗೆ ಹತ್ತಿರ ಬಂದು ಕೂಗುತ್ತದೆ. ಸ್ಪಾಟಿಫೈ ಹೇಗೂ ಸುಮಾರು ಮೈನಸ್ 14 ಲಫ್ಸ್ (ಹಾಡು ಕಿವಿಗೆ ಎಷ್ಟು ಗಟ್ಟಿ ಅಂತ ಅಳೆಯುವ ಮಾನ) ಮಟ್ಟಕ್ಕೆ ತಂದು ನಿಲ್ಲಿಸುತ್ತದೆ. ಸುಮ್ನೆ ಹಿಂಡಿ ಗಟ್ಟಿ ಮಾಡಿದ್ದರಿಂದ ನಿಮಗೆ ಸಿಕ್ಕಿದ್ದೇನೂ ಇಲ್ಲ, ಹಾಡುಗಳ ನಡುವಿನ ಏರಿಳಿತ ಹೋಯಿತು. ಒಂಬತ್ತೂ ಹಾಡನ್ನು ಒಂದೇ ಸಲಕ್ಕೆ ಕೇಳಿದವರಿಗೆ ದಿಕ್ಕು ತಪ್ಪಿದ ಹಾಗೆ ಅನ್ನಿಸಿದ್ದಕ್ಕೆ ಇದೂ ಕಾರಣ ಇರಬಹುದು. ಹಾಡಿನ ಕ್ರಮ ಬದಲಿಸಿ ನೋಡಿ. ಏಳನೆಯದನ್ನು ಆ ಎರಡರ ನಡುವೆ ತಂದರೆ ಚೆನ್ನ.

ಮುಂದಿನ ಸಲ ವಿಮರ್ಶಕರಿಗೆ ಕಳಿಸುವಾಗ ಬಗೆಗಳ ಪಟ್ಟಿ ಬರೆದು ಕಳಿಸಬೇಡಿ. ಈ ಸಲ ನೀವು ಬರೆದ ಪರಿಚಯದಲ್ಲೇ ‘ಫಂಕ್, ಮೆಟಲ್, ಜನಪದ, ಡಬ್’ ಅಂತಿತ್ತು. ಇಬ್ಬರೂ ಅದನ್ನೇ ಹಿಡಿದುಕೊಂಡು ಬರೆದರು. ಆರನೇ ಹಾಡು ಹೇಗೆ ಹುಟ್ಟಿತು ಅಂತ ನಾಲ್ಕು ಸಾಲು ಬರೆಯಿರಿ, ಮೊದಲು ಅದನ್ನು ಕೇಳಿ ಎನ್ನಿ.

ನಾಲ್ಕನೇ ಹಾಡನ್ನು ಮತ್ತೆ ಮಿಕ್ಸ್ ಮಾಡಿದರೆ ಹಳೆಯದರ ಐಎಸ್‌ಆರ್‌ಸಿ ಸಂಖ್ಯೆಯಲ್ಲೇ (ಪ್ರತಿ ರೆಕಾರ್ಡಿಂಗ್‌ಗೆ ಕೊಡುವ ಗುರುತಿನ ಸಂಖ್ಯೆ) ಹಾಕಬೇಡಿ. ಹೊಸ ಮಿಕ್ಸ್‌ಗೆ ಹೊಸ ಸಂಖ್ಯೆ ಬೇಕು. ಡ್ರಮ್ಸ್, ತಮಟೆ, ಬಾಸ್ ಬೇರೆ ಬೇರೆ ಫೈಲ್ ಆಗಿ ಕಳಿಸಿದರೆ ನಾನೂ ಒಂದು ಸಲ ಕೂತು ನೋಡುತ್ತೇನೆ. ದುಡ್ಡು ಬೇಡ. ತಮಟೆ ಬಾರಿಸಿದವರ ಹೆಸರನ್ನು ಫೈಲ್ ಜೊತೆಗೇ ಕಳಿಸಿ.